ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿದೆ ಅನ್ನೋದು ಯಾಕೆ?

ಲ್ಯಾಬ್ ರಿಪೋರ್ಟಿನಲ್ಲಿ ಟಿಎಸ್‌ಎಚ್ 12 ಅಂತ ಬಂದಿದೆ. ಇರಬೇಕಾದದ್ದು ಸುಮಾರು 0.4ರಿಂದ 4 ಅಂತ ಪಕ್ಕದಲ್ಲೇ ಬರೆದಿದೆ. ನೋಡಿದವರು ಸಹಜವಾಗಿಯೇ 'ಥೈರಾಯ್ಡ್ ಜಾಸ್ತಿ ಆಗಿದೆ' ಅಂದುಕೊಳ್ಳುತ್ತಾರೆ. ಡಾಕ್ಟರ್ ಮಾತ್ರ 'ನಿಮಗೆ ಥೈರಾಯ್ಡ್ ಕಡಿಮೆ ಇದೆ' ಎಂದು ಮಾತ್ರೆ ಬರೆದು ಕೊಡುತ್ತಾರೆ. ಅಂಕಿ ಮೇಲೆ ಹೋಗಿದೆ, ಗ್ರಂಥಿ ಕೆಳಗೆ ಬಿದ್ದಿದೆ. ಇದು ಹೇಗೆ ಎನ್ನುವುದು ಒಮ್ಮೆ ತಲೆಗೆ ಹೊಕ್ಕರೆ ಹಾರ್ಮೋನುಗಳ ಮುಕ್ಕಾಲು ವಿಷಯ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಟಿಎಸ್‌ಎಚ್ ಅನ್ನು ಥೈರಾಯ್ಡ್ ತಯಾರಿಸುವುದೇ ಇಲ್ಲ. ಅದು ಬರುವುದು ಮಿದುಳಿನ ಬುಡದಲ್ಲಿರುವ, ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡಿಗೆ 'ಕೆಲಸ ಮಾಡು' ಎಂದು ಹೇಳುವ ಆದೇಶ ಅದು. ಪಿಟ್ಯುಟರಿಯನ್ನು ಒಬ್ಬ ಮೇಸ್ತ್ರಿ ಅಂದುಕೊಳ್ಳಿ. ಆಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಕೆಲಸ ಹಿಂದೆ ಬಿದ್ದರೆ ದನಿ ಏರಿಸುತ್ತಾನೆ. ಟಿಎಸ್‌ಎಚ್ 12 ಅಂದರೆ ಮೇಸ್ತ್ರಿ ಕೂಗಾಡುತ್ತಿದ್ದಾನೆ, ಆದರೂ ಆಳಿನ ಕೈಯಲ್ಲಿ ಕೆಲಸ ಸಾಗುತ್ತಿಲ್ಲ ಎಂದರ್ಥ. ಟಿಎಸ್‌ಎಚ್ 0.01 ಅಂದರೆ ಆಳು ಹದ್ದು ಮೀರಿ ದುಡಿಯುತ್ತಿದ್ದಾನೆ, ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದಾನೆ.

ಹಾರ್ಮೋನ್ ಕಾಯಿಲೆಯಲ್ಲಿ ಕೇಳಬೇಕಾದದ್ದು ಬರೀ 'ಎಷ್ಟಿದೆ' ಎಂದಲ್ಲ. 'ಯಾರು ಯಾರಿಗೆ ಹೇಳುತ್ತಿದ್ದಾರೆ, ಹೇಳಿದ್ದು ನಡೆಯುತ್ತಿದೆಯಾ' ಎಂದೂ ಕೇಳಬೇಕು.

ರಕ್ತಕ್ಕೆ ನೇರವಾಗಿ

ಲಾಲಾರಸದ ಗ್ರಂಥಿಗೆ, ಬೆವರಿನ ಗ್ರಂಥಿಗೆ ತಮ್ಮದೇ ಸಣ್ಣ ನಾಳ ಇರುತ್ತದೆ. ರಸ ಆ ನಾಳದ ಮೂಲಕ ಬಾಯಿಗೋ ಚರ್ಮಕ್ಕೋ ಬರುತ್ತದೆ. ನಿರ್ನಾಳ ಗ್ರಂಥಿಗಳಿಗೆ ಅಂಥ ನಾಳ ಇಲ್ಲ. ಅವು ತಾವು ಮಾಡಿದ್ದನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ರಕ್ತ ಅದನ್ನು ಇಡೀ ಮೈಗೆ ಒಯ್ಯುತ್ತದೆ. ಹಾಗಂತ ಅದು ಎಲ್ಲೆಡೆ ಕೆಲಸ ಮಾಡುವುದಿಲ್ಲ. ಯಾವ ಜೀವಕೋಶದಲ್ಲಿ ಆ ಹಾರ್ಮೋನನ್ನು ಹಿಡಿಯುವ ಗ್ರಾಹಕ ಇದೆಯೋ ಅಲ್ಲಿ ಮಾತ್ರ ಅದರ ಮಾತು ನಡೆಯುತ್ತದೆ.

ಪ್ರಮಾಣ ಎಷ್ಟು ಕಡಿಮೆ ಅಂದರೆ, ಒಂದು ಡೆಸಿಲೀಟರ್ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಸುಮಾರು 1 ನ್ಯಾನೋಗ್ರಾಂ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು! ಇದನ್ನು ಅಳೆಯುವುದೇ ಒಂದು ಕಾಲಕ್ಕೆ ಆಗದ ಮಾತಾಗಿತ್ತು. ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ 1950ರ ದಶಕದ ಕೊನೆಗೆ ರೇಡಿಯೋಇಮ್ಯುನೋಅಸ್ಸೇ ಎಂಬ ವಿಧಾನ ಕಂಡುಹಿಡಿದ ಮೇಲೆ ಚಿತ್ರವೇ ಬದಲಾಯಿತು. ಇನ್ನೊಂದು ಕಡೆ ರೋಜರ್ ಗಿಲೆಮಿನ್ ಮತ್ತು ಆಂಡ್ರ್ಯೂ ಶಾಲಿ ಪಿಟ್ಯುಟರಿಗೂ ಮೇಲಿನಿಂದ ಆದೇಶ ಬರುತ್ತದೆ ಎಂದು ತೋರಿಸಲು ಹೊರಟಿದ್ದರು. ಒಬ್ಬರು ಕುರಿ, ಇನ್ನೊಬ್ಬರು ಹಂದಿ, ಹೀಗೆ ಲಕ್ಷಗಟ್ಟಲೆ ಪ್ರಾಣಿಗಳ ಮಿದುಳಿನ ಚೂರುಗಳನ್ನು ಅರೆದು ಅವರು ಹೊರತೆಗೆದ, ಟಿಎಸ್‌ಎಚ್ ಬಿಡಲು ಪಿಟ್ಯುಟರಿಗೆ ಹೇಳುವ ಹಾರ್ಮೋನ್ ಟಿಆರ್‌ಎಚ್ ಬರೀ ಮಿಲಿಗ್ರಾಂ ಲೆಕ್ಕದಲ್ಲಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ ಎನ್ನುವುದು ವಿಜ್ಞಾನ ವಲಯದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. 1977ರಲ್ಲಿ ಈ ಇಬ್ಬರಿಗೂ ಯಾಲೋಗೂ ಸೇರಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಹಾರ್ಮೋನುಗಳಲ್ಲಿ ಎಲ್ಲವೂ ಒಂದೇ ಜಾತಿಯವಲ್ಲ. ಇನ್ಸುಲಿನ್ ಪ್ರೋಟೀನ್ ಜಾತಿಯದು. ಬಾಯಲ್ಲಿ ನುಂಗಿದರೆ ಹೊಟ್ಟೆ ಅದನ್ನು ಊಟದ ಹಾಗೆ ಜೀರ್ಣಿಸಿಬಿಡುತ್ತದೆ. ಅದಕ್ಕೇ ಇಂಜೆಕ್ಷನ್. ಕಾರ್ಟಿಸಾಲ್, ಈಸ್ಟ್ರೋಜನ್, ಟೆಸ್ಟೋಸ್ಟಿರೋನ್ ಇವು ಕೊಲೆಸ್ಟ್ರಾಲಿನಿಂದ ತಯಾರಾಗುವ ಸ್ಟೀರಾಯ್ಡ್ ಜಾತಿಯವು. ಇವು ಜೀವಕೋಶದ ಒಳಗೇ ನುಗ್ಗಿ ಜೀನುಗಳನ್ನು ಮುಟ್ಟುತ್ತವೆ. ಹಾಗಾಗಿ ನಿಧಾನವಾಗಿ, ಆದರೆ ಬಹಳ ಹೊತ್ತು ಕೆಲಸ ಮಾಡುತ್ತವೆ. ಅಡ್ರಿನಲಿನ್ ಮಾತ್ರ ಸೆಕೆಂಡುಗಳಲ್ಲಿ ಎದೆ ಬಡಿತ ಏರಿಸಿ ನಿಮಿಷಗಳಲ್ಲಿ ಮಾಯವಾಗುತ್ತದೆ.

ಮೇಲಿನಿಂದ ಕೆಳಕ್ಕೆ

ಎಲ್ಲಕ್ಕಿಂತ ಮೇಲೆ ಕೂತಿರುವುದು ಹೈಪೋಥಲಾಮಸ್. ಅದು ಮಿದುಳಿನದೇ ಭಾಗ. ಮೈಯ ಶಾಖ, ಹಸಿವು, ನಿದ್ದೆ, ಭಯ ಎಲ್ಲದರ ಸುದ್ದಿಯೂ ಅಲ್ಲಿಗೆ ಬರುತ್ತದೆ. ಅದು ಪಿಟ್ಯುಟರಿಗೆ ಹೇಳುತ್ತದೆ. ಪಿಟ್ಯುಟರಿ ಥೈರಾಯ್ಡಿಗೆ ಟಿಎಸ್‌ಎಚ್, ಅಡ್ರಿನಲ್‌ಗೆ ಎಸಿಟಿಎಚ್, ಅಂಡಾಶಯ ಮತ್ತು ವೃಷಣಗಳಿಗೆ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಕಳಿಸುತ್ತದೆ. ಇವಲ್ಲದೆ ಬೆಳವಣಿಗೆಯ ಹಾರ್ಮೋನ್ ಮತ್ತು ಪ್ರೊಲ್ಯಾಕ್ಟಿನ್ ಕೂಡ ಅಲ್ಲಿಂದಲೇ. ಕೆಳಗಿನ ಗ್ರಂಥಿ ತನ್ನ ಹಾರ್ಮೋನ್ ಬಿಟ್ಟಾಗ ಅದು ರಕ್ತದಲ್ಲಿ ಮೇಲಕ್ಕೂ ಹೋಗಿ 'ಸಾಕು' ಎನ್ನುತ್ತದೆ. ಮೇಲಿನವರು ದನಿ ತಗ್ಗಿಸುತ್ತಾರೆ. ಹಗಲೂ ರಾತ್ರಿ ನಡೆಯುವ ಈ ಏರಿಳಿತವೇ ಇಡೀ ವ್ಯವಸ್ಥೆಯ ಜೀವ.

ಪಿಟ್ಯುಟರಿಯ ಹಿಂಭಾಗದ ಕಥೆ ಬೇರೆ. ಅದು ಏನನ್ನೂ ತಯಾರಿಸುವುದಿಲ್ಲ. ಹೈಪೋಥಲಾಮಸ್ ಮಾಡಿಕೊಟ್ಟ ವಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್ ಇಟ್ಟುಕೊಂಡು ಬೇಕಾದಾಗ ಬಿಡುತ್ತದೆ, ಅಷ್ಟೇ. ವಾಸೊಪ್ರೆಸಿನ್ ಇಲ್ಲದಿದ್ದರೆ ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ದಿನಕ್ಕೆ ಲೀಟರುಗಟ್ಟಲೆ ಮೂತ್ರ, ಅಷ್ಟೇ ಬಾಯಾರಿಕೆ. ಇದನ್ನು ಬಹಳ ಕಾಲ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಕರೆಯುತ್ತಿದ್ದರು. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಸರಿನ ಗೊಂದಲದಿಂದ ಆಸ್ಪತ್ರೆಗಳಲ್ಲೇ ಎಡವಟ್ಟುಗಳಾಗುತ್ತಿದ್ದವು ಎಂಬ ಕಾರಣಕ್ಕೆ 2022ರಲ್ಲಿ ತಜ್ಞರು ಹೆಸರನ್ನೇ ಬದಲಾಯಿಸಿದರು. ಈಗ ಅದಕ್ಕೆ ವಾಸೊಪ್ರೆಸಿನ್ ಕೊರತೆ ಎನ್ನುತ್ತಾರೆ.

ಥೈರಾಯ್ಡ್: ಒಂದೇ ಗ್ರಂಥಿ, ಮೂರು ಕಥೆ

ಥೈರಾಯ್ಡ್ ಹೆಚ್ಚಾಗಿ ಮಾಡುವುದು ಟಿ4. ಅದರಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಯಕೃತ್ತು, ಮೂತ್ರಪಿಂಡ ಮುಂತಾದ ಕಡೆ ಒಂದು ಅಯೋಡಿನ್ ಕಿತ್ತು ಅದನ್ನು ಟಿ3 ಮಾಡಿಕೊಳ್ಳುತ್ತವೆ. ನಿಜವಾದ ಕೆಲಸ ಮಾಡುವುದು ಟಿ3. ಎದೆ ಎಷ್ಟು ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಕರುಳು ಎಷ್ಟು ಚುರುಕಾಗಿರಬೇಕು, ಮಗುವಿನ ಮಿದುಳು ಹೇಗೆ ಬೆಳೆಯಬೇಕು, ಇದೆಲ್ಲದರಲ್ಲೂ ಅದರ ಕೈ ಇದೆ.

ಮೊದಲ ಕಥೆ ಅಯೋಡಿನ್ ಕೊರತೆಯದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಅಷ್ಟೂ ಸಿಗದಿದ್ದರೆ ಟಿ4 ತಯಾರಾಗುವುದಿಲ್ಲ. ಮೇಸ್ತ್ರಿ ಕೂಗುತ್ತಾನೆ. ಆಳಿನ ಬಳಿ ಸಾಮಾನೇ ಇಲ್ಲ, ಏನು ಮಾಡಬೇಕು? ಟಿಎಸ್‌ಎಚ್ ಹೊಡೆತಕ್ಕೆ ಗ್ರಂಥಿ ಊದುತ್ತಾ ಹೋಗುತ್ತದೆ. ಅದೇ ಗಳಗಂಡ. ಆಲ್ಪ್ಸ್ ಬೆಟ್ಟಗಳ ಹಳ್ಳಿಗಳಲ್ಲಿ ಇದು ಎಷ್ಟು ಮಾಮೂಲಾಗಿತ್ತೆಂದರೆ, ಸ್ವಿಟ್ಜರ್ಲೆಂಡಿನಲ್ಲಿ 1922ರಿಂದಲೇ ಉಪ್ಪಿಗೆ ಅಯೋಡಿನ್ ಸೇರಿಸಲು ಶುರು ಮಾಡಿದರು. 1924ರಲ್ಲಿ ಅಮೆರಿಕದ ಮಿಷಿಗನ್ ಅದೇ ದಾರಿ ಹಿಡಿಯಿತು.

ಎರಡನೆಯದರಲ್ಲಿ ಸಾಮಾನಿಗೆ ಕೊರತೆ ಇಲ್ಲ, ಆಳಿನ ಮೇಲೇ ಹಲ್ಲೆ ನಡೆಯುತ್ತದೆ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಹೆಂಗಸರ ಥೈರಾಯ್ಡಿನಲ್ಲಿ ಬಿಳಿ ರಕ್ತಕಣಗಳು ಕಿಕ್ಕಿರಿದು ತುಂಬಿದ್ದನ್ನು ವಿವರಿಸಿದರು. ನಮ್ಮದೇ ರೋಗನಿರೋಧಕ ವ್ಯವಸ್ಥೆ ಗ್ರಂಥಿಯನ್ನು ಹಾಳು ಮಾಡುತ್ತದೆ ಎನ್ನುವುದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಕೊರತೆಗೆ ಮುಖ್ಯ ಕಾರಣ ಇದೇ. ಗ್ರಂಥಿ ಸ್ವಲ್ಪ ಸ್ವಲ್ಪವಾಗಿ ಹಾಳಾಗುತ್ತದೆ. ಮೊದಲಿಗೆ ಟಿಎಸ್‌ಎಚ್ ಒಂದೇ ಏರುತ್ತದೆ, ಟಿ4 ಸರಿಯಾಗಿಯೇ ಇರುತ್ತದೆ. ಅಂದರೆ ಕೂಗು ಜೋರಾಗಿದೆ, ಕೆಲಸ ಇನ್ನೂ ಹೇಗೋ ನಡೆಯುತ್ತಿದೆ. ಇಂಥ ಹಂತದಲ್ಲಿ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. 10 ದಾಟಿದರೆ, ಗರ್ಭಿಣಿಯಾಗಿದ್ದರೆ ವಿಷಯ ಬೇರೆ. ವಯಸ್ಸಾದವರಲ್ಲಿ ಟಿಎಸ್‌ಎಚ್ ಸ್ವಲ್ಪ ಮೇಲಿರುವುದೇ ಸಹಜ. ಎಪ್ಪತ್ತು ದಾಟಿದವರ ರಿಪೋರ್ಟಿನಲ್ಲಿ 5.5 ಕಂಡ ತಕ್ಷಣ ಜೀವನಪೂರ್ತಿ ಮಾತ್ರೆ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡಬೇಕು.

ಮೂರನೆಯದು ಸ್ವಾರಸ್ಯದ ಕಥೆ. ಐರ್ಲೆಂಡಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಊದಿದ ಥೈರಾಯ್ಡ್, ಡವಡವ ಹೊಡೆದುಕೊಳ್ಳುವ ಎದೆ, ಮುಂದೆ ಬಂದ ಕಣ್ಣುಗಳ ಕಾಯಿಲೆಯನ್ನು ವಿವರಿಸಿದರು. ಇಲ್ಲಿ ನಡೆಯುವುದು ಒಂಥರಾ ಮೋಸ. ದೇಹ ಒಂದು ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಟಿಎಸ್‌ಎಚ್ ಕೂರಬೇಕಾದ ಗ್ರಾಹಕದಲ್ಲೇ ಹೋಗಿ ಕೂರುತ್ತದೆ. ಥೈರಾಯ್ಡಿಗೆ ಅದು ಮೇಸ್ತ್ರಿಯ ದನಿಯಂತೆಯೇ ಕೇಳುತ್ತದೆ. ನಿಜವಾದ ಮೇಸ್ತ್ರಿ ಗಾಬರಿಯಾಗಿ ಪೂರ್ತಿ ಸುಮ್ಮನಾಗಿದ್ದಾನೆ, ಟಿಎಸ್‌ಎಚ್ ಸೊನ್ನೆಗೆ ಹತ್ತಿರ. ಆದರೂ ಆಳು ದುಡಿಯುವುದು ನಿಲ್ಲಿಸುವುದಿಲ್ಲ, ಯಾಕೆಂದರೆ ಸುಳ್ಳು ಕೂಗಿಗೆ 'ಸಾಕು' ಎನ್ನುವ ಮಾತು ಕೇಳಿಸುವುದೇ ಇಲ್ಲ. ತೂಕ ಇಳಿಯುತ್ತದೆ, ಕೈ ನಡುಗುತ್ತದೆ, ಸೆಕೆ ತಡೆಯಲಾಗುವುದಿಲ್ಲ. ಇದೇ ಪ್ರತಿಕಾಯ ಕಣ್ಣಿನ ಹಿಂದಿನ ಭಾಗಕ್ಕೂ ತಾಗುವುದರಿಂದ ಕೆಲವರ ಕಣ್ಣು ಮುಂದಕ್ಕೆ ಬರುತ್ತದೆ.

ಹಾಗಾದರೆ ಟಿಎಸ್‌ಎಚ್ ಒಂದನ್ನು ನೋಡಿದರೆ ಸಾಕಾ? ಹೆಚ್ಚಿನವರಿಗೆ ಸಾಕು. ಆದರೆ ಮೇಸ್ತ್ರಿಗೇ ಹುಷಾರಿಲ್ಲದಿದ್ದರೆ? ಪಿಟ್ಯುಟರಿಯಲ್ಲಿ ಗಡ್ಡೆ ಇದ್ದರೆ, ಅಥವಾ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಅದು ಹಾಳಾಗಿದ್ದರೆ, ಟಿ4 ಕಡಿಮೆ ಇದ್ದರೂ ಟಿಎಸ್‌ಎಚ್ ಏರುವುದಿಲ್ಲ. ರಿಪೋರ್ಟಿನಲ್ಲಿ 'ನಾರ್ಮಲ್' ಅಂತಲೇ ಬರುತ್ತದೆ. ಕೂಗಬೇಕಾದ ಹೊತ್ತಿನಲ್ಲಿ ಮಾಮೂಲಿ ದನಿಯಲ್ಲಿ ಮಾತಾಡುವುದು ನಾರ್ಮಲ್ ಅಲ್ಲ. ಹೆರಿಗೆಯ ನಂತರ ಎದೆಹಾಲೇ ಬರದೆ, ಮುಟ್ಟು ಮರಳದೆ, ಸುಸ್ತು ಹೋಗದೆ ಇರುವ ಹೆಣ್ಣಿನಲ್ಲಿ ಟಿಎಸ್‌ಎಚ್ ಮಾತ್ರ ನೋಡಿ ಕಳಿಸಿದರೆ ಕಾಯಿಲೆ ತಪ್ಪಿಹೋಗುತ್ತದೆ. ಟಿ4 ಕೂಡ ನೋಡಲೇಬೇಕು.

ಹುಟ್ಟಿದ ಮಗುವಿನ ವಿಷಯದಲ್ಲಿ ತಡ ಮಾಡುವಂತಿಲ್ಲ. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಒಮ್ಮೆ ಜೋರಾಗಿ ಏರಿ ಇಳಿಯುತ್ತದೆ. ಹಾಗಾಗಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆಯುವ ಪರೀಕ್ಷೆಯನ್ನು ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ ಮಾಡುತ್ತಾರೆ. ಕೊರತೆ ಇದ್ದರೆ ಎರಡು ವಾರದೊಳಗೆ ಔಷಧ ಶುರುವಾಗಬೇಕು. ಹಾಗಾದರೆ ಮಗುವಿನ ಬುದ್ಧಿ ಬೆಳವಣಿಗೆ ಬಹುತೇಕ ಎಲ್ಲರಂತೆಯೇ ಆಗುತ್ತದೆ. ತಿಂಗಳುಗಟ್ಟಲೆ ತಡವಾದರೆ ಆದ ನಷ್ಟವನ್ನು ಪೂರ್ತಿಯಾಗಿ ತುಂಬಿಕೊಡಲು ಯಾವ ಔಷಧಕ್ಕೂ ಆಗದು.

ಹೊರಗಿನಿಂದ ತಂದು ಸುರಿದಾಗ

ಮೂತ್ರಪಿಂಡಗಳ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅದರ ಹೊರಪದರ ಕಾರ್ಟಿಸಾಲ್ ಮಾಡುತ್ತದೆ, ಒಳಭಾಗ ಅಡ್ರಿನಲಿನ್. ಕಾರ್ಟಿಸಾಲ್ ಬೆಳಿಗ್ಗೆ ಏಳೆಂಟು ಗಂಟೆಗೆ ಜಾಸ್ತಿ ಇರುತ್ತದೆ, ನಡುರಾತ್ರಿಯ ಹೊತ್ತಿಗೆ ತಳ ಹಿಡಿಯುತ್ತದೆ. ಜ್ವರ, ಅಪಘಾತ, ಆಪರೇಷನ್ ಇಂಥ ಹೊತ್ತಿನಲ್ಲಿ ಅದು ಹಲವು ಪಟ್ಟು ಏರಬೇಕು. ಏರದಿದ್ದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಈ ಗ್ರಂಥಿ ಹಾಳಾದವರನ್ನು ವಿವರಿಸಿದರು. ಸುಸ್ತು, ತೂಕ ಇಳಿಕೆ, ಎದ್ದು ನಿಂತರೆ ತಲೆ ಸುತ್ತು, ಉಪ್ಪು ತಿನ್ನಬೇಕೆಂಬ ಆಸೆ. ಇದರ ಜೊತೆಗೆ ಒಂದು ವಿಚಿತ್ರ ಗುರುತು: ಅಂಗೈಯ ಗೆರೆಗಳು, ವಸಡು, ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ಅಡ್ರಿನಲ್ ಕೆಟ್ಟರೆ ಚರ್ಮ ಯಾಕೆ ಕಪ್ಪಾಗಬೇಕು? ಕಾರ್ಟಿಸಾಲ್ ಬರುತ್ತಿಲ್ಲ ಎಂದು ಪಿಟ್ಯುಟರಿ ಎಸಿಟಿಎಚ್ ಅನ್ನು ಸುರಿಯುತ್ತಲೇ ಇರುತ್ತದೆ. ಎಸಿಟಿಎಚ್ ತಯಾರಾಗುವ ಉದ್ದದ ಪ್ರೋಟೀನಿನಿಂದಲೇ ಚರ್ಮಕ್ಕೆ ಬಣ್ಣ ಕೊಡಿಸುವ ಹಾರ್ಮೋನ್ ಕೂಡ ತುಂಡಾಗಿ ಬರುತ್ತದೆ. ಎಸಿಟಿಎಚ್ ಕೂಡ ಜಾಸ್ತಿಯಾದಾಗ ಬಣ್ಣದ ಕೋಶಗಳನ್ನು ಎಬ್ಬಿಸುತ್ತದೆ. ಅಂದರೆ ಮೇಲಿನವರ ಕೂಗು ಇಲ್ಲಿ ಅಂಗೈಯಲ್ಲಿ ಕಣ್ಣಿಗೇ ಕಾಣುತ್ತದೆ! ಅದೇ ಕೊರತೆ ಪಿಟ್ಯುಟರಿ ಕೆಟ್ಟು ಬಂದಿದ್ದರೆ ಎಸಿಟಿಎಚ್ ಇರುವುದಿಲ್ಲ, ಚರ್ಮವೂ ಕಪ್ಪಾಗುವುದಿಲ್ಲ. ರಕ್ತ ತೆಗೆಯುವ ಮೊದಲೇ ಕೈ ನೋಡಿ ಅರ್ಧ ಉತ್ತರ ಹೇಳಬಹುದು.

ಈಗ ಸ್ಟೀರಾಯ್ಡ್ ಮಾತ್ರೆಯ ವಿಷಯ. ಆಸ್ತಮಾ, ಸಂಧಿವಾತ, ಚರ್ಮದ ಕೆಲವು ಕಾಯಿಲೆಗಳಿಗೆ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಅದು ಕಾರ್ಟಿಸಾಲಿನ ಕೆಲಸವನ್ನೇ ಮಾಡುತ್ತದೆ. ರಕ್ತದಲ್ಲಿ ಅದನ್ನು ಕಂಡ ಪಿಟ್ಯುಟರಿ 'ಸಾಕಷ್ಟಿದೆ' ಎಂದು ಎಸಿಟಿಎಚ್ ನಿಲ್ಲಿಸುತ್ತದೆ. ಮೂರ್ನಾಲ್ಕು ವಾರ ಹೀಗೇ ನಡೆದರೆ ಅಡ್ರಿನಲ್ ಕುಗ್ಗಿ ಕೆಲಸ ಮರೆಯುತ್ತದೆ. ಆಗ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ವಿಪರೀತ ಸುಸ್ತು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. 'ಸ್ಟೀರಾಯ್ಡ್ ಕೆಟ್ಟದ್ದು, ಇವತ್ತೇ ನಿಲ್ಲಿಸಿಬಿಡಿ' ಎಂದು ಪಕ್ಕದವರು ಕೊಡುವ ಸಲಹೆ ಇದಕ್ಕೇ ಅಪಾಯಕಾರಿ. ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದರೆ ಪಿಟ್ಯುಟರಿ ಎಚ್ಚೆತ್ತು, ಅಡ್ರಿನಲ್ ಮತ್ತೆ ಎದ್ದು ಕೂರಲು ಸಮಯ ಸಿಗುತ್ತದೆ. ಕೆಲವರಿಗೆ ಇದಕ್ಕೆ ತಿಂಗಳುಗಳೇ ಬೇಕು.

ಕಾರ್ಟಿಸಾಲ್ ಜಾಸ್ತಿಯಾದರೆ ಮುಖ ಗುಂಡಗಾಗುತ್ತದೆ, ಹೊಟ್ಟೆ ದಪ್ಪ, ಕೈಕಾಲು ಸಣ್ಣ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು. ಕುಶಿಂಗ್ ಸಿಂಡ್ರೋಮ್ ಎಂದು ಇದಕ್ಕೆ ಅಮೆರಿಕದ ಮಿದುಳು ಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಹೆಸರಿದೆ. ಆದರೆ ಗಡ್ಡೆಗಿಂತ ಹೆಚ್ಚಾಗಿ ಇದಕ್ಕೆ ಕಾರಣವಾಗುವುದು ಔಷಧದ ರೂಪದಲ್ಲಿ ಒಳಗೆ ಹೋದ ಸ್ಟೀರಾಯ್ಡ್. ಏನು ಬೆರೆಸಿದ್ದಾರೆ ಎಂದು ಹೇಳದೆ ಮಾರುವ ನೋವಿನ ಪುಡಿಗಳಲ್ಲೂ ಕೆಲವೊಮ್ಮೆ ಅದು ಇರುತ್ತದೆ. ಅದಿಲ್ಲ ಎಂದು ಖಾತ್ರಿಯಾದರೆ ಮಾತ್ರ ಗಡ್ಡೆ ಹುಡುಕಬೇಕು. ಆಗ ಎಸಿಟಿಎಚ್ ನೋಡಿದರೆ ದಾರಿ ಸಿಗುತ್ತದೆ. ಅದು ಕೆಳಗಿದ್ದರೆ ತಪ್ಪು ಅಡ್ರಿನಲ್‌ದು, ಇಲ್ಲದಿದ್ದರೆ ಹೆಚ್ಚಾಗಿ ಪಿಟ್ಯುಟರಿಯದು.

ಅಂದಹಾಗೆ, 'ಅಡ್ರಿನಲ್ ಫಟೀಗ್' ಎಂಬ ಹೆಸರಿನಲ್ಲಿ ಮಾತ್ರೆ, ಪುಡಿ ಮಾರುವವರು ಇಂಟರ್‌ನೆಟ್ ತುಂಬಾ ಇದ್ದಾರೆ. ಒತ್ತಡದಿಂದ ಅಡ್ರಿನಲ್ ದಣಿದುಬಿಡುತ್ತದೆ ಎನ್ನುವುದು ಅವರ ವಾದ. ಹಾರ್ಮೋನ್ ತಜ್ಞರ ಸಂಘಗಳು ಇಂಥದ್ದೊಂದು ಕಾಯಿಲೆಯನ್ನು ಒಪ್ಪುವುದಿಲ್ಲ. ಸುಸ್ತು ನಿಜ, ಆದರೆ ಅದರ ಕಾರಣ ರಕ್ತಹೀನತೆಯೋ ನಿದ್ದೆಯೋ ಖಿನ್ನತೆಯೋ ಇರಬಹುದು. ಅದನ್ನು ಹುಡುಕುವುದು ಬಿಟ್ಟು ಪುಡಿ ತಿನ್ನುವುದು ದಂಡ.

ಗರ್ಭನಿರೋಧಕ ಮಾತ್ರೆ, ಜಿಮ್ಮಿನ ಇಂಜೆಕ್ಷನ್

ಇದೇ ಸೂತ್ರವನ್ನು ಬೇಕೆಂದೇ ಬಳಸಿಕೊಂಡದ್ದು ಗರ್ಭನಿರೋಧಕ ಮಾತ್ರೆ. 1960ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾತ್ರೆಯಲ್ಲಿರುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕಂಡು ಪಿಟ್ಯುಟರಿ ಸುಮ್ಮನಾಗುತ್ತದೆ. ಎಲ್‌ಎಚ್ ಉಕ್ಕುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ. ಸ್ನಾಯು ಬೆಳೆಸಲು ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಳ್ಳುವ ಹುಡುಗರಲ್ಲೂ ಆಗುವುದು ಇದೇ. ತೋಳು ದಪ್ಪವಾಗುತ್ತದೆ, ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಕುಸಿಯುತ್ತದೆ. ಗಂಡಸುತನಕ್ಕೆಂದು ತೆಗೆದುಕೊಂಡದ್ದೇ ಮಕ್ಕಳಾಗದಿರಲು ಕಾರಣವಾಗುತ್ತದೆ ಎಂದು ಎಷ್ಟೋ ಮಂದಿಗೆ ಗೊತ್ತಾಗುವುದು ಮದುವೆಯಾದ ಮೇಲೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೈಪೋಥಲಾಮಸ್ ಎಲ್‌ಎಚ್, ಎಫ್‌ಎಸ್‌ಎಚ್ ಬಿಡಿಸುವ ತನ್ನ ಆದೇಶವನ್ನು (ಅದೂ ಒಂದು ಹಾರ್ಮೋನ್) ಒಂದೇ ಸಮ ಕಳಿಸುವುದಿಲ್ಲ, ಸುಮಾರು ಒಂದೆರಡು ಗಂಟೆಗೊಮ್ಮೆ ಮಿಡಿತದಂತೆ ಕಳಿಸುತ್ತದೆ. ಅರ್ನ್ಸ್ಟ್ ಕ್ನೋಬಿಲ್ ತಂಡ 1978ರಲ್ಲಿ ಕೋತಿಗಳಲ್ಲಿ ಇದನ್ನು ತೋರಿಸಿತು. ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡಿತು. ಅದೇ ಹಾರ್ಮೋನನ್ನು ಬಿಡದೆ ಹರಿಸಿದಾಗ ಕೈಚೆಲ್ಲಿ ಕೂತಿತು. ಕೂಗು ನಿಲ್ಲದೇ ಇದ್ದರೆ ಯಾರೂ ಕಿವಿಗೊಡುವುದಿಲ್ಲ, ಅಲ್ವಾ? ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಟೆಸ್ಟೋಸ್ಟಿರೋನ್ ಇಳಿಸಲು, ತೀರಾ ಬೇಗ ಪ್ರಾಯಕ್ಕೆ ಬಂದ ಮಕ್ಕಳಲ್ಲಿ ಅದನ್ನು ತಡೆಯಲು ಇಂದು ಕೊಡುವ ಲ್ಯುಪ್ರೊಲೈಡ್ ಇಂಜೆಕ್ಷನ್ ನಿಂತಿರುವುದು ಇದೇ ತತ್ವದ ಮೇಲೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಫ್‌ಎಸ್‌ಎಚ್ ಏರುವುದಕ್ಕೂ ಇದೇ ವಿವರಣೆ. ಅಂಡಾಶಯ ಉತ್ತರ ಕೊಡುವುದು ನಿಲ್ಲಿಸಿದೆ, ಪಿಟ್ಯುಟರಿ ಕರೆಯುತ್ತಲೇ ಇದೆ.

ಮೇಸ್ತ್ರಿ ಇಲ್ಲದವರು

ಎಲ್ಲ ಗ್ರಂಥಿಗಳೂ ಪಿಟ್ಯುಟರಿಯ ಮಾತು ಕೇಳುವುದಿಲ್ಲ. ಥೈರಾಯ್ಡಿನ ಹಿಂದೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಕ್ಯಾಲ್ಸಿಯಂ ಅನ್ನು ತಾವೇ ಅಳೆದು ತಾವೇ ತೀರ್ಮಾನ ಮಾಡುತ್ತವೆ. ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಎಂಬ ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳೆದು ತರುತ್ತವೆ, ಮೂತ್ರದಲ್ಲಿ ಹೋಗದಂತೆ ತಡೆಯುತ್ತವೆ. ಮನುಷ್ಯರಲ್ಲಿ ಇವನ್ನು 1880ರಲ್ಲಿ ಗುರುತಿಸಿದ್ದು ಸ್ವೀಡನ್ನಿನ ಇವಾರ್ ಸಾಂಡ್‌ಸ್ಟ್ರಾಮ್. ಅಷ್ಟು ಚಿಕ್ಕವು, ಅಷ್ಟು ತಡವಾಗಿ ಕಣ್ಣಿಗೆ ಬಿದ್ದವು. ಥೈರಾಯ್ಡ್ ಆಪರೇಷನ್ ಆದ ಮೇಲೆ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ ತಕ್ಷಣ ಹೇಳಬೇಕು. ಆ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು. ಕ್ಯಾಲ್ಸಿಯಂ ಜಾಸ್ತಿ ಇದ್ದು ಪಿಟಿಎಚ್ ಕೂಡ ಜಾಸ್ತಿ ಇದ್ದರೆ ಗ್ರಂಥಿಯೇ ಕೆಟ್ಟಿದೆ ಎಂದು ಅನುಮಾನಿಸಬೇಕು. ಮತ್ತೆ ಮತ್ತೆ ಮೂತ್ರಪಿಂಡದಲ್ಲಿ ಕಲ್ಲಾಗುವವರಲ್ಲಿ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಮೇದೋಜೀರಕ ಗ್ರಂಥಿಯೂ ಹೀಗೇ ಸ್ವತಂತ್ರ. ಅದರೊಳಗಿನ ಕೋಶಗಳ ಗುಂಪುಗಳನ್ನು ಪೌಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಕಂಡರು. ಅವು ಏನು ಮಾಡುತ್ತವೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಅಲ್ಲಿಂದ 1922ರ ಜನವರಿಗೆ ಬನ್ನಿ. ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ ಸಾಯುವ ಸ್ಥಿತಿಯಲ್ಲಿದ್ದ. ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕದಿಂದ ತಯಾರಿಸಿದ ಇನ್ಸುಲಿನ್ ಸಾರದ ಮೊದಲ ಇಂಜೆಕ್ಷನ್ ಅಷ್ಟೇನೂ ಫಲ ಕೊಡಲಿಲ್ಲ, ಚುಚ್ಚಿದ ಜಾಗ ಕೀವಾಯಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲಿರುಳು ಕೂತು ಅದನ್ನು ಶುದ್ಧ ಮಾಡಿದ ಮೇಲೆ, ಹನ್ನೆರಡು ದಿನ ಬಿಟ್ಟು ಕೊಟ್ಟದ್ದು ಕೆಲಸ ಮಾಡಿತು. ನೊಬೆಲ್ ಬಂದದ್ದು ಬ್ಯಾಂಟಿಂಗ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥ ಮ್ಯಾಕ್ಲಿಯಾಡ್ ಅವರಿಗೆ. ಕಾಲಿಪ್ ಹೆಸರು ಈಗ ಬಹಳ ಜನಕ್ಕೆ ಗೊತ್ತೇ ಇಲ್ಲ.

ಟೈಪ್ 1ರಲ್ಲಿ ಇನ್ಸುಲಿನ್ ಮಾಡುವ ಕೋಶಗಳೇ ನಾಶವಾಗಿರುತ್ತವೆ. ಟೈಪ್ 2 ಶುರುವಾಗುವುದು ಬೇರೆ ರೀತಿ. ಇನ್ಸುಲಿನ್ ಇದೆ, ಹಲವರಲ್ಲಿ ಮೊದಮೊದಲು ಜಾಸ್ತಿಯೇ ಇದೆ. ಸ್ನಾಯು, ಯಕೃತ್ತು ಅದರ ಮಾತು ಕೇಳುತ್ತಿಲ್ಲ. ಗ್ರಂಥಿ ಇನ್ನಷ್ಟು ಸುರಿಯುತ್ತದೆ, ವರ್ಷಗಟ್ಟಲೆ ಹಾಗೇ ದುಡಿದು ಕೊನೆಗೆ ಸೋಲುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ದಾಟಿತು ಎನ್ನುವ ದಿನ ಕಾಯಿಲೆಯ ಮೊದಲ ದಿನವಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ ಕಪ್ಪಗಾಗಿ ಮಖಮಲ್ಲಿನಂತಾಗುವುದು ಎಷ್ಟೋ ಮೊದಲೇ ಕಾಣುತ್ತದೆ. ಅದನ್ನು ಕೊಳೆ ಅಂದುಕೊಂಡು ಉಜ್ಜುವವರಿದ್ದಾರೆ, ಪಾಪ. ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸಿದ ಗುರುತು ಅದು. ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನ್ ಜಾಸ್ತಿ ಮಾಡಿಸುತ್ತದೆ. ಪಿಸಿಒಎಸ್ ಎಂಬ ಈ ತೊಂದರೆ ಇರುವ ಹುಡುಗಿಯರಲ್ಲಿ ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಮೊಡವೆ ಮತ್ತು ಸಕ್ಕರೆ ಕಾಯಿಲೆಯ ಭಯ ಒಟ್ಟಿಗೇ ಬರುವುದು ಇದರಿಂದ. 'ಹಾರ್ಮೋನ್ ಇಂಬ್ಯಾಲೆನ್ಸ್' ಎಂದು ಹೇಳಿ ಸುಮ್ನೆ ಕಳಿಸುವುದಕ್ಕಿಂತ ಯಾವ ಹಾರ್ಮೋನ್, ಯಾಕೆ ಎಂದು ಬಿಡಿಸಿ ಹೇಳಿದರೆ ತೂಕ ಇಳಿಸಿ ಎನ್ನುವ ಸಲಹೆಗೂ ಒಂದು ಅರ್ಥ ಬರುತ್ತದೆ.

ಎಲ್ಲಕ್ಕಿಂತ ತಿರುವುಮುರುವು ಪ್ರೊಲ್ಯಾಕ್ಟಿನ್‌ನದು. ಬೇರೆ ಹಾರ್ಮೋನುಗಳಿಗೆ ಮೇಲಿನಿಂದ 'ಮಾಡು' ಎಂಬ ಆದೇಶ ಬರುತ್ತದೆ. ಇದಕ್ಕೆ ಬರುವುದು 'ಬೇಡ' ಎಂಬ ಆದೇಶ, ಡೋಪಮಿನ್ ಮೂಲಕ. ಆ 'ಬೇಡ' ನಿಂತರೆ ಪ್ರೊಲ್ಯಾಕ್ಟಿನ್ ತಾನಾಗಿ ಏರುತ್ತದೆ. ವಾಂತಿಗೆ ಕೊಡುವ ಡೊಂಪೆರಿಡೋನ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಡೋಪಮಿನ್ ಅನ್ನು ತಡೆಯುತ್ತವೆ. ಹೆರಿಗೆಯಾಗದವರಲ್ಲೂ ಹಾಲು ಒಸರುವುದು, ಮುಟ್ಟು ನಿಲ್ಲುವುದು ಆಗಬಹುದು. ಮಿದುಳಿನ ಸ್ಕ್ಯಾನಿಗೆ ಓಡುವ ಮೊದಲು ಮಾತ್ರೆಗಳ ಪಟ್ಟಿ ನೋಡಬೇಕು. ಟಿಎಸ್‌ಎಚ್ ಕೂಡ ನೋಡಬೇಕು, ಯಾಕೆಂದರೆ ಥೈರಾಯ್ಡ್ ಕಡಿಮೆಯಾದಾಗ ಏರುವ ಟಿಆರ್‌ಎಚ್ ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತದೆ.

ಪರೀಕ್ಷೆಗೆ ಹೋಗುವ ಮುನ್ನ

ಹಾರ್ಮೋನ್ ಪರೀಕ್ಷೆಯಲ್ಲಿ ಹೊತ್ತು ಮುಖ್ಯ. ಕಾರ್ಟಿಸಾಲ್ ಕೊರತೆ ಇದೆಯಾ ಎಂದು ನೋಡಲು ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಬೇಕು. ಸಂಜೆ ನಾಲ್ಕಕ್ಕೆ ಕೊಟ್ಟ ರಕ್ತದಲ್ಲಿ ಕಡಿಮೆ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಟೆಸ್ಟೋಸ್ಟಿರೋನ್ ಕೂಡ ಬೆಳಿಗ್ಗೆಯೇ. ಥೈರಾಕ್ಸಿನ್ (ಮಾತ್ರೆಯ ರೂಪದ ಟಿ4) ಡೋಸ್ ಬದಲಾಯಿಸಿದ ವಾರಕ್ಕೇ ಟಿಎಸ್‌ಎಚ್ ಮಾಡಿಸಿ ತಲೆ ಕೆಡಿಸಿಕೊಳ್ಳಬೇಡಿ. ಟಿ4 ಅರ್ಧಕ್ಕೆ ಇಳಿಯಲೇ ಸುಮಾರು ಒಂದು ವಾರ ಬೇಕು, ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಆರರಿಂದ ಎಂಟು ವಾರ. ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯದಿದ್ದರೆ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಕೂದಲು ಉದುರುತ್ತದೆ ಎಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಇನ್ನೊಂದು ವಿಷಯ ನೆನಪಿಡಬೇಕು. ಹಲವು ಲ್ಯಾಬ್ ಯಂತ್ರಗಳು ತಮ್ಮ ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ಎಂದು ಬರುತ್ತದೆ. ರಿಪೋರ್ಟ್ ನೋಡಿದರೆ ಅಚ್ಚು ಗ್ರೇವ್ಸ್ ಕಾಯಿಲೆಯ ಹಾಗೇ ಕಾಣುತ್ತದೆ, ಮೈಯಲ್ಲಿ ಏನೂ ಇರುವುದಿಲ್ಲ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ. ರಕ್ತ ತೆಗೆಯುವವರಿಗೂ ಡಾಕ್ಟರಿಗೂ ಅದನ್ನು ಹೇಳಿ.